ದೀಪದ ಮುಂದೆ ಹತ್ತು ನಿಮಿಷ, ಕಲ್ಲಿನ ಮುಂದೆ ಒಂದು ಗಂಟೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮ್ಯೂಸಿಯಂಗೆ ಹೋಗಿ ಹಳೆಯ ಕಲಾಕೃತಿಯೊಂದನ್ನು ಎದುರಿಗೆ ನಿಂತು ಅಭ್ಯಾಸ ಮಾಡುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಹೆಚ್ಚಿನವರು ಶಾಸನದ ಕಲ್ಲು, ವೀರಗಲ್ಲುಗಳ ಬಗ್ಗೆಯೇ ಕೇಳಿದ್ದರಿಂದ ಉತ್ತರಗಳೂ ಆ ಕಡೆಗೇ ವಾಲಿವೆ.

ಪ್ರಶ್ನೆ: ಕನ್ನಡ ಎಂ.ಎ. ಓದುತ್ತಿದ್ದೇನೆ. ಕಿರುಪ್ರಬಂಧಕ್ಕೆ ಹತ್ತನೆಯ ಶತಮಾನದ, ನಾಯಿಯೊಂದರ ನೆನಪಿನ ಆತಕೂರು ಶಾಸನ ಆರಿಸಿಕೊಂಡಿದ್ದೇನೆ. ಪಾಠ ಅಚ್ಚಿನಲ್ಲಿ ಸಿಗುವಾಗ ಬೆಂಗಳೂರಿಗೆ ಹೋಗಿ ಕಲ್ಲನ್ನೇ ನೋಡಬೇಕೇ? ನೋಡುವುದಾದರೆ ನನಗಿರುವುದು ಒಂದೇ ದಿನ. ಎಲ್ಲಿಂದ ಶುರು ಮಾಡಲಿ? (ವಿದ್ಯಾರ್ಥಿನಿ, ತುಮಕೂರು)

ನೋಡಲೇಬೇಕು. ಅಚ್ಚಿನ ಪಾಠ ಎಂದರೆ ಯಾರೋ ಒಬ್ಬರು ಕಲ್ಲನ್ನು ಓದಿಕೊಂಡ ಬಗೆ, ಅಷ್ಟೇ. ನಿಮ್ಮ ಆತಕೂರಿನ ಕಲ್ಲಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಹೇಳುವಾಗ ‘ಬಿಸುಗೆ’, ‘ಕಳ’ ಎಂಬ ಎರಡು ಮಾತು ಬರುತ್ತವೆ. ಮೊದಮೊದಲು ಒಂದನ್ನು ಅಪ್ಪುಗೆ ಎಂದೂ ಇನ್ನೊಂದನ್ನು ಕಳ್ಳತನಕ್ಕೆ ಸೇರಿದ ಮಾತೆಂದೂ ತಿಳಿದು, ‘ತಬ್ಬಿಕೊಳ್ಳುವ ನೆಪದಲ್ಲಿ ಮೋಸದಿಂದ ಇರಿದ’ ಎಂದು ಅರ್ಥ ಹೇಳಿದರು. ಆಮೇಲೆ ತಿದ್ದಿಕೊಂಡರು: ಬಿಸುಗೆ ಎಂದರೆ ಆನೆಯ ಮೇಲಿನ ಪೀಠ, ಕಳ ಎಂದರೆ ರಣ, ಅಂಬಾರಿಯೇ ರಣರಂಗವಾಗಿ ಸುರಗಿಯಿಂದ (ಕಿರುಗತ್ತಿಯಿಂದ) ಇರಿದು ಕೊಂದ. ಬೂತುಗ ಮೋಸಗಾರನೋ ವೀರನೋ ಎಂಬುದು ಎರಡು ಪದಗಳ ಮೇಲೆ ನಿಂತಿತ್ತು. ಆ ಪದಗಳಿರುವ ಸಾಲನ್ನು ನೀವೇ ಹುಡುಕಿ ನೋಡಿ. ಪ್ರಬಂಧಕ್ಕೆ ಅದೊಂದೇ ಸಾಕು ಎನಿಸಬಹುದು.

ಹೊರಡುವ ಮೊದಲು ಮೂರು ಕೆಲಸ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಿ, ಆ ದಿನ ತೆರೆದಿರುತ್ತದೆಯೇ, ಈ ಕಲ್ಲು ಸಾರ್ವಜನಿಕರು ನೋಡುವ ಕಡೆ ಇದೆಯೇ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ದುರಸ್ತಿ, ಮರುಜೋಡಣೆ ನಡೆದಾಗ ಬಾಗಿಲು ತೆರೆದಿದ್ದರೂ ಕಲ್ಲು ಸಿಗದೆ ಹೋಗಬಹುದು. ಎರಡನೆಯದು, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಒಂದು ಪತ್ರ. ಅದರಲ್ಲಿ ಕಲ್ಲಿನ ಹೆಸರು, ಉದ್ದೇಶ, ದಿನಾಂಕ, ಕ್ಯಾಮೆರಾ ಮತ್ತು ಟಾರ್ಚ್ ಬಳಸುವ ವಿಷಯ ಇರಲಿ. ‘ಶಾಸನಗಳನ್ನು ನೋಡಲು’ ಎಂದು ಮೋಘಂ ಬರೆದರೆ ಒಪ್ಪಿಗೆಯೂ ಮೋಘಂ ಸಿಗುತ್ತದೆ, ಅಲ್ಲಿ ಹೋದ ಮೇಲೆ ಕಾವಲುಗಾರರ ಜತೆ ವಾದ ಉಳಿಯುತ್ತದೆ. ಮೂರನೆಯದು, ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯ ಮಂಡ್ಯ ಜಿಲ್ಲೆಯ ಸಂಪುಟದಿಂದ ಪಾಠವನ್ನು ಪ್ರತಿ ಮಾಡಿಕೊಳ್ಳಿ. ಸಾಲು ಸಾಲಿಗೆ ಸಂಖ್ಯೆ ಹಾಕಿ, ಎರಡು ಸಾಲಿನ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಳ್ಳಿ. ನಿಮ್ಮ ಓದು ಬರೆಯಬೇಕಾದ್ದು ಆ ಖಾಲಿ ಜಾಗದಲ್ಲಿ.

ಇನ್ನು ಕಲ್ಲಿನ ಮುಂದೆ. ಪಾಠದ ಹಾಳೆ ಚೀಲದಲ್ಲೇ ಇರಲಿ, ಗೋಡೆಯ ಫಲಕವನ್ನೂ ಓದಬೇಡಿ. ಮೂರು ಮೀಟರ್ ದೂರ ನಿಂತು ಹತ್ತು ನಿಮಿಷ ಬರೀ ನೋಡಿ: ಕೆತ್ತನೆ ಎಷ್ಟು ಜಾಗ ತಿಂದಿದೆ, ಅಕ್ಷರ ಎಷ್ಟು? ಅಕ್ಷರಗಳು ಚಿತ್ರಕ್ಕೆ ಜಾಗ ಬಿಟ್ಟು ಹರಿದಿವೆಯೇ, ಚಿತ್ರ ಮುಗಿದ ಮೇಲೆ ಉಳಿದೆಡೆ ತುಂಬಿವೆಯೇ? ಇದರಿಂದ ಕಲ್ಲಿನ ಮೇಲೆ ಯಾವುದು ಮೊದಲು ಬಿತ್ತು ಎಂಬ ಅಂದಾಜು ಬರುತ್ತದೆ. ಫಲಕ ಮೊದಲು ಓದಿದರೆ ಏನಾಗುತ್ತದೆ ಎಂದರೆ, ಅದರಲ್ಲಿ ‘ನಾಯಿ’ ಎಂದಿದ್ದರೆ ಕಣ್ಣು ನಾಯಿಯನ್ನು ಗುರುತಿಸಿ ಅಲ್ಲಿಗೇ ಸುಮ್ಮನಾಗುತ್ತದೆ.

ಆಮೇಲೆ ಒಂದು ಮೀಟರಿಗೆ ಬಂದು ಕೆತ್ತನೆಗೆ ಕಾಲು ಗಂಟೆ ಕೊಡಿ. ಇಲ್ಲಿರುವುದು ಕಾಳಿ ಎಂಬ ನಾಯಿ. ಬೂತುಗನ ಕಡೆಯ ಮಣಲೆರ ಅದನ್ನು ಒಡೆಯನಲ್ಲಿ ಬೇಡಿ ಪಡೆದಿದ್ದ. ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೊಡೆದಾಡಿ ಸತ್ತವು. ಯಾರ ಬಾಯಿ ಎಲ್ಲಿ ಕಚ್ಚಿದೆ, ಯಾರ ಹಿಂಗಾಲು ನೆಲಕ್ಕೆ ಊರಿದೆ, ನಾಯಿಯ ಕೊರಳಲ್ಲಿ ಪಟ್ಟಿ ಇದೆಯೇ, ಹಂದಿಯ ಬೆನ್ನ ಮೇಲಿನ ಬಿರುಗೂದಲನ್ನು ಶಿಲ್ಪಿ ಗೀರಿ ತೋರಿಸಿದ್ದಾನೆಯೇ? ಉತ್ತರ ‘ಇಲ್ಲ’ ಎಂದಾದರೂ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ‘ಇರಲಿಲ್ಲವೋ, ನಾನು ನೋಡಲಿಲ್ಲವೋ’ ಎಂಬ ಗೊಂದಲ ಆಗ ಇರುವುದಿಲ್ಲ.

ಅಕ್ಷರಕ್ಕೆ ಬಂದಾಗ ಮೊದಲ ಸಾಲಿನಿಂದಲೇ ಹಟ ಹಿಡಿಯಬೇಡಿ. ಗೊತ್ತಿರುವ ಪದ ಹಿಡಿದು ಒಳಗೆ ಹೋಗಿ. ಸುಲಭದ ಗುರುತು ತಾರೀಖು: ಶಕ 872, ಸೌಮ್ಯ ಸಂವತ್ಸರ. ಹಳಗನ್ನಡದಲ್ಲಿ ನೂರಕ್ಕೆ ‘ನೂಱು’, ಏಳಕ್ಕೆ ‘ಏೞು’. ಈಗ ಬಳಕೆ ತಪ್ಪಿದ ಆ ಎರಡು ಅಕ್ಷರಗಳ ಆಕಾರವನ್ನು ಹತ್ತನೆಯ ಶತಮಾನದ ಅಕ್ಷರಪಟ್ಟಿಯಿಂದ ಬರೆದುಕೊಂಡು ಹೋದರೆ ಸಂಖ್ಯೆಯ ಪದಗಳ ಸುತ್ತಮುತ್ತ ಓದು ಬೇಗ ಹಿಡಿತಕ್ಕೆ ಬರುತ್ತದೆ. ಲೆಕ್ಕದಲ್ಲಿ ಒಂದು ಎಚ್ಚರ: ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 950 ಬರುತ್ತದೆ, ಆದರೆ ಸೌಮ್ಯ ಸಂವತ್ಸರ ಬೀಳುವುದು 949–50ರಲ್ಲಿ. ಎಂದರೆ 872 ಎಂಬುದು ಆಗಲೇ ಮುಗಿದಿದ್ದ ವರ್ಷಗಳ ಎಣಿಕೆಯಲ್ಲ, ಆಗ ನಡೆಯುತ್ತಿದ್ದ ವರ್ಷದ ಸಂಖ್ಯೆ. ಸಂವತ್ಸರದ ಹೆಸರನ್ನು ತಾಳೆ ನೋಡದೆ ಬರೀ 78 ಕೂಡಿಸಿದವರು ಇಲ್ಲಿ ಒಂದು ವರ್ಷ ತಪ್ಪುತ್ತಾರೆ.

ಇಷ್ಟಾದ ಮೇಲೆ ಪಾಠದ ಹಾಳೆ ತೆಗೆಯಿರಿ. ಸಾಲಿಗೆ ಸಾಲು ಹೋಲಿಸಿ, ಸ್ಪಷ್ಟವಾಗಿ ಕಂಡ ಅಕ್ಷರದ ಕೆಳಗೆ ಗೆರೆ, ಅನುಮಾನದ್ದರ ಕೆಳಗೆ ಚುಕ್ಕೆ, ಈಗ ಸವೆದು ಹೋದದ್ದಕ್ಕೆ ಸೊನ್ನೆ ಹಾಕಿ. ಕಲ್ಲಿಗೆ ನಡೆಸಬೇಕಾದ ಪೂಜೆಯ ಮಾತು ಬರುವವರೆಗೂ ಹೋಗಿ. ಆ ಜಾಗ ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಎಂದು ಅಲ್ಲಿ ಬರೆಸಿದ್ದಾರೆ. ಒಂದು ನಾಯಿಯ ಸಾವು, ಒಂದು ಸಾಮ್ರಾಜ್ಯದ ಯುದ್ಧ, ಎರಡನ್ನೂ ಒಂದೇ ಕಲ್ಲಿಗೆ ಹೊರಿಸಿದ ಕಾಲ ಅದು.

ಪ್ರಶ್ನೆ: ನಮ್ಮೂರಿನ ಕಲ್ಲುಗಳ ಮೇಲೆ ಸೀಮೆಸುಣ್ಣ ಇಲ್ಲವೇ ಅಕ್ಕಿಹಿಟ್ಟು ಸವರಿ ಓದುತ್ತಿದ್ದೆವು. ಮ್ಯೂಸಿಯಂನಲ್ಲಿ ಮುಟ್ಟಲೂ ಬಿಡುವುದಿಲ್ಲ, ಅಕ್ಷರ ಕಾಣುವುದೂ ಇಲ್ಲ. ಏನು ಉಪಾಯ? (ಓದುಗರು, ಕಡೂರು)

ಊರಲ್ಲೂ ಅದನ್ನು ಬಿಡಿ. ಸೀಮೆಸುಣ್ಣದ ಪುಡಿ ಕಲ್ಲಿನ ರಂಧ್ರಗಳಲ್ಲಿ ಕೂತು ಸುಲಭಕ್ಕೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಕೇಡು ಬೇರೆ ಇದೆ: ನೀವು ಎಲ್ಲಿ ಗೆರೆ ಇದೆ ಎಂದುಕೊಂಡಿರೋ ಅಲ್ಲಿ ಬಿಳಿ ಎಳೆಯುತ್ತೀರಿ, ಮುಂದೆ ಫೋಟೋ ನೋಡಿದವರು ನಿಮ್ಮ ಊಹೆಯನ್ನೇ ಶಾಸನ ಎಂದು ಓದುತ್ತಾರೆ. ಹಿಟ್ಟಿಗೆ ಇರುವೆ, ಬೂಷ್ಟು ಬರುತ್ತವೆ.

ಬೇಕಾದ್ದು ಓರೆ ಬೆಳಕು. ಕಂಡರಣೆ (ಕಲ್ಲಿನಲ್ಲಿ ಕೊರೆದ ಗೆರೆ) ಒಂದೆರಡು ಮಿಲಿಮೀಟರ್ ಆಳವೂ ಉಳಿಯದೆ ಸವೆದಿದ್ದರೆ ಎದುರಿನಿಂದ ಬಿದ್ದ ಬೆಳಕು ಹಳ್ಳ, ದಿಣ್ಣೆ ಎರಡನ್ನೂ ಒಂದೇ ಸಮ ಬೆಳಗುತ್ತದೆ, ಅಕ್ಷರ ಮಾಯ. ಅದೇ ಟಾರ್ಚನ್ನು ಕಲ್ಲಿನ ಮೈಗೆ ಬಹುತೇಕ ಒರಗಿಸಿದಂತೆ, ಸುಮಾರು 10ರಿಂದ 15 ಡಿಗ್ರಿ ಓರೆಯಲ್ಲಿ, ಒಂದು ಮೀಟರ್ ದೂರದಿಂದ ಹಿಡಿದರೆ ಪ್ರತಿ ಹಳ್ಳದ ಒಂದು ಅಂಚು ನೆರಳಾಗುತ್ತದೆ. ಎಡದಿಂದ ಅಥವಾ ಬಲದಿಂದ ಹಿಡಿದಾಗ ನಿಲುವಿನ ಗೆರೆಗಳು ಏಳುತ್ತವೆ, ಮೇಲಿನಿಂದ ಹಿಡಿದಾಗ ಅಡ್ಡ ಗೆರೆಗಳು. ತಲೆಕಟ್ಟು, ಒತ್ತಕ್ಷರಗಳ ವಿಷಯದಲ್ಲಿ ತಪ್ಪುವವರು ಸಾಮಾನ್ಯವಾಗಿ ಒಂದೇ ಕಡೆಯಿಂದ ಬೆಳಕು ಬಿಟ್ಟವರು. ಒಬ್ಬರು ಟಾರ್ಚ್ ಹಿಡಿದು ನಿಧಾನವಾಗಿ ಅರ್ಧ ಸುತ್ತು ತಿರುಗಿಸಲಿ, ಇನ್ನೊಬ್ಬರು ನೋಡಲಿ. ನೆರಳು ಜಾಗ ಬದಲಿಸಿದರೂ ಬದಲಾಗದೆ ಉಳಿಯುವುದು ಅಕ್ಷರ. ಬೆಳಕಿನ ಜತೆ ಬಂದು ಹೋಗುವುದು ಕಲ್ಲಿನ ಸಹಜ ಒರಟು.

ಕಲ್ಲಿಗೆ ಬೆಳಕಿನಿಂದ ತೊಂದರೆ ಇಲ್ಲ. ಆದರೂ ಕಾವಲಿನವರಿಗೆ ಮೊದಲೇ ಹೇಳಿ, ಪಕ್ಕದಲ್ಲಿ ಚಿತ್ರ, ಬಟ್ಟೆ, ಓಲೆಗರಿ ಇದ್ದರೆ ಅತ್ತ ಬೆಳಕು ಬೀಳದಂತೆ ನೋಡಿಕೊಳ್ಳಿ. ಟಾರ್ಚ್ ಒಪ್ಪದಿದ್ದರೆ ಕಿಟಕಿಯ ಬೆಳಕೇ ಗತಿ. ಕಲ್ಲಿನ ಪಕ್ಕಕ್ಕೆ ಕಿಟಕಿ ಇದ್ದರೆ ಬೆಳಿಗ್ಗೆ ಒಮ್ಮೆ, ಸಂಜೆಗೆ ಮುಂಚೆ ಒಮ್ಮೆ ಎರಡು ಸಲ ನೋಡಿ.

ಮೊಬೈಲಿನಲ್ಲಿ ತೆಗೆಯುವಾಗ ಫ್ಲಾಶ್ ಬೇಡ, ಎಚ್‌ಡಿಆರ್ ಕೂಡ ಆಫ್ ಮಾಡಿ. ಅದು ನೆರಳನ್ನು ತಿಳಿಯಾಗಿಸುತ್ತದೆ, ನಿಮಗೆ ಬೇಕಾದ್ದೇ ನೆರಳು. 30 ಸೆಂ.ಮೀ. ಹತ್ತಿರ ಹೋಗಿ ತೆಗೆದರೆ ಅಂಚು ಬಾಗುತ್ತದೆ. ಒಂದೂವರೆ ಮೀಟರ್ ಹಿಂದೆ ನಿಂತು ಎರಡು ಪಟ್ಟು ಜೂಮ್ ಮಾಡಿ, ಎಕ್ಸ್‌ಪೋಶರ್ ಲಾಕ್ ಮಾಡಿ, ಫೋನ್ ಅಲುಗಾಡದಂತೆ ನಿಲ್ಲಿಸಿ, ಬೆಳಕು ಮಾತ್ರ ಬದಲಿಸುತ್ತಾ ನಾಲ್ಕು ಚಿತ್ರ. ಕಾಗದ ಹಚ್ಚಿ ಬಡಿದು ಮಸಿ ಸವರುವ ಪಡಿಯಚ್ಚಿನ ಕೆಲಸ ಶಾಸನತಜ್ಞರದ್ದು, ಅದಕ್ಕೆ ಕೈ ಹಾಕಬೇಡಿ. ಬೆಂಗಳೂರು ಸುತ್ತಮುತ್ತಲ ಶಾಸನಗಳಾದರೆ ಮಿಥಿಕ್ ಸೊಸೈಟಿಯವರು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಟ್ಟಿರುವುದರಲ್ಲಿ ನಿಮ್ಮ ಕಲ್ಲು ಇದೆಯೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ವೀರಗಲ್ಲಿಗೆ ಮೂರು ಹಂತ, ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಕಲಿತಿದ್ದೇವೆ. ಬೆಂಗಳೂರು ಮ್ಯೂಸಿಯಂನಲ್ಲಿರುವ ಬೇಗೂರಿನ ಕಲ್ಲು ಹಾಗಿಲ್ಲವಲ್ಲ? ಅದರಲ್ಲಿ ‘ಬೆಂಗಳೂರು’ ಎಂಬ ಹೆಸರು ಎಲ್ಲಿದೆ? (ನಿವೃತ್ತ ಶಿಕ್ಷಕರು, ಆನೇಕಲ್)

ಎರಡನೆಯದಕ್ಕೆ ಮೊದಲು ಉತ್ತರ: ಅದರಲ್ಲಿ ಇಲ್ಲ. ಬೆಂಗಳೂರಿನ ಕಾಳಗವನ್ನು ಹೆಸರಿಸುವ ಕಲ್ಲು ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲೇ ಇದೆ. ಮ್ಯೂಸಿಯಂನಲ್ಲಿರುವುದು ಅದೇ ಊರಿನ ಇನ್ನೊಂದು ಕಲ್ಲು. ಎರಡರಲ್ಲೂ ನಾಗತ್ತರನ ಹೆಸರು ಬರುವುದರಿಂದ ಈ ಕಲಸುಮೇಲೋಗರ. ಮ್ಯೂಸಿಯಂನ ಕಲ್ಲು ಹೇಳುವುದು ಇಷ್ಟು: ವೀರಮಹೇಂದ್ರನ ಮೇಲೆ ಕಾದಲು ಅಯ್ಯಪದೇವನ ನೆರವಿಗೆ ಗಂಗರ ಎರೆಯಪ್ಪ ಕಳಿಸಿದ ನಾಗತ್ತರ ತುಂಬೆಪಾಡಿಯಲ್ಲಿ ಆನೆಗಳಿಗೆ ಎದುರಾಗಿ ಹೋರಾಡಿ ಸತ್ತ, ಆಮೇಲೆ ಇರುಗ ಎಂಬವನಿಗೆ ಊರುಗಳು ಕಲ್ನಾಡಾಗಿ (ಸತ್ತ ವೀರನ ನೆನಪಿಗೆ ಕೊಡುವ ದತ್ತಿಯಾಗಿ) ಸಿಕ್ಕವು.

ಮೂರು ಹಂತದ ಸೂತ್ರ ಸುಳ್ಳಲ್ಲ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆಯೋ ಜಿನನ ಮುಂದೆಯೋ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ನಮ್ಮ ಕಣ್ಣಿಗೆ ಹೆಚ್ಚು ಬೀಳುವ ಕಲ್ಲುಗಳು ಹೀಗೇ ಇರುತ್ತವೆ. ಆದರೆ ಅದು ಕ್ರಮೇಣ ಗಟ್ಟಿಯಾದ ಪದ್ಧತಿ. ಗಂಗರ ಕಾಲದ ಶಿಲ್ಪಿ ಇಡೀ ಕಲ್ಲನ್ನು ಒಂದೇ ರಣರಂಗ ಮಾಡಿಬಿಡಬಲ್ಲ, ಬೇಗೂರಿನವನು ಮಾಡಿದ್ದೂ ಅದನ್ನೇ. ಆದ್ದರಿಂದ ಇಲ್ಲಿ ಹಂತ ಹುಡುಕಬೇಡಿ, ದಿಕ್ಕು ಹುಡುಕಿ. ಯಾರ ಮುಖ ಎತ್ತ, ಆಯುಧ ಎತ್ತ, ಎರಡು ಪಡೆ ಎಲ್ಲಿ ಕೂಡಿಕೊಳ್ಳುತ್ತವೆ? ಕಾಗದದ ಮೇಲೆ ಬರೀ ಬಾಣದ ಗುರುತು ಹಾಕುತ್ತಾ ಹೋದರೆ ಐದು ನಿಮಿಷದಲ್ಲಿ ಆ ಗಿಜಿಗಿಜಿ ಬಿಡಿಸಿಕೊಳ್ಳುತ್ತದೆ. ಬಾಣಗಳೆಲ್ಲ ಸೇರುವಲ್ಲಿ ನಾಯಕನನ್ನು ಹುಡುಕಿ.

ಇನ್ನೆರಡು ಕಡೆ ಎಡವುತ್ತಾರೆ. ಕಲ್ಲಿನ ಬುಡ ಒರಟಾಗಿದ್ದರೆ ‘ಅಪೂರ್ಣ’ ಎನ್ನುವುದು. ಅದು ನೆಲದಲ್ಲಿ ಹೂಳಲು ಬಿಟ್ಟ ಭಾಗ. ಎಷ್ಟೋ ಕಡೆ ಮ್ಯೂಸಿಯಂನ ಪೀಠ ಅದನ್ನು ಮುಚ್ಚಿರುತ್ತದೆ, ಆಗ ಕಲ್ಲು ಇದ್ದದ್ದಕ್ಕಿಂತ ಗಿಡ್ಡ ಕಾಣುತ್ತದೆ. ಇನ್ನೊಂದು, ಮೂಲೆಯಲ್ಲಿ ಬಣ್ಣದಲ್ಲಿ ಬರೆದ ಅಂಕಿಯನ್ನು ಶಾಸನದ ಭಾಗ ಎಂದುಕೊಳ್ಳುವುದು. ಅದು ದಾಖಲೆ ಪುಸ್ತಕದ ಸಂಖ್ಯೆ. ಬರೆದುಕೊಳ್ಳಿ, ಮುಂದೆ ಪತ್ರ ಬರೆಯುವಾಗ ಅದೇ ಕೆಲಸಕ್ಕೆ ಬರುವುದು.

ಪ್ರಶ್ನೆ: ನನಗೆ ಚಿತ್ರ ಬರೆಯಲು ಬರುವುದಿಲ್ಲ. ಫೋಟೋ ಸಾಲದೇ? (ಓದುಗರು, ಹಾವೇರಿ)

ಸಾಲದು. ಚಿತ್ರ ಚೆನ್ನಾಗಿ ಬರಬೇಕೆಂದು ಬರೆಯುವುದಲ್ಲ; ಬರೆಯುವಾಗ ಕೈ ತಡೆಯುತ್ತದೆ, ತಡೆದ ಕಡೆಯೇ ನಿಮಗೆ ಅರ್ಥವಾಗದ್ದು. ಮೊಣಕೈ ಯಾವ ಕಡೆ ಮಡಿಸಿದೆ, ಆ ದಾರ ಜನಿವಾರವೋ ಬಿಲ್ಲಿನ ಹೆದೆಯೋ? ಇಂಥದ್ದನ್ನು ಕ್ಯಾಮೆರಾ ಕೇಳುವುದಿಲ್ಲ.

2ಬಿ ಪೆನ್ಸಿಲ್, ಎ4 ಹಾಳೆ ಸಾಕು. ಪೆನ್ ಒಳಗೆ ಒಯ್ಯಬೇಡಿ, ಶಾಯಿ ಚಿಮ್ಮೀತೆಂಬ ಭಯಕ್ಕೆ ಅನೇಕ ಕಡೆ ತಡೆಯುತ್ತಾರೆ. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ತುದಿಯಿಂದ ಹೆಬ್ಬೆರಳವರೆಗೆ ವೀರನ ತಲೆಯ ಅಳತೆ ಹಿಡಿಯಿರಿ. ಆಮೇಲೆ ಉಳಿದದ್ದೆಲ್ಲ ಆ ‘ತಲೆ’ಯ ಲೆಕ್ಕದಲ್ಲಿ: ಮೈ ಎಷ್ಟು ತಲೆ, ಕತ್ತಿ ಎಷ್ಟು, ಎದುರಾಳಿ ಎಷ್ಟು. ಮೊಣಕೈ ಮಡಿಸಿದರೆ ಅಳತೆ ಕೆಟ್ಟಿತು. ವೀರಗಲ್ಲುಗಳಲ್ಲಿ ನಾಯಕನನ್ನು ಬೇಕೆಂದೇ ದೊಡ್ಡದು ಮಾಡಿರುತ್ತಾರೆ, ಎಷ್ಟು ಪಟ್ಟು ಎಂಬ ಲೆಕ್ಕ ಹೀಗೆ ಸಿಗುತ್ತದೆ. ಒಡೆದ ಜಾಗವನ್ನು ಚುಕ್ಕೆ ಗೆರೆಯಲ್ಲಿ ಬರೆಯಿರಿ, ಊಹಿಸಿ ತುಂಬಿಸಬೇಡಿ. ಸಿಮೆಂಟ್ ಮೆತ್ತಿದ್ದರೆ ಅಡ್ಡಗೆರೆ ಹಾಕಿ ಗುರುತಿಸಿ.

ಯಾವ ಕಲ್ಲು ಎಂಬುದನ್ನೂ ಬರೆಯಿರಿ. ಹೊಯ್ಸಳರ ಶಿಲ್ಪದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಆಭರಣದ ಒಂದೊಂದು ಮಣಿಯನ್ನೂ ಬಿಡಿಸಬಹುದು. ಹಳೆ ಮೈಸೂರು ಸೀಮೆಯ ಕಗ್ಗಲ್ಲಿನ ವೀರಗಲ್ಲಿನಲ್ಲಿ ಅದು ಕಾಣದಿದ್ದರೆ ಶಿಲ್ಪಿಗೆ ಬರುತ್ತಿರಲಿಲ್ಲ ಎಂದು ತೀರ್ಪು ಕೊಡಬೇಡಿ. ಕಲ್ಲು ಬಿಟ್ಟಷ್ಟೇ ಉಳಿಗೆ ಸಿಗುವುದು.

ಪ್ರಶ್ನೆ: ಮೈಸೂರು ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣುಮಗಳ ಚಿತ್ರದ ಮುಂದೆ ಎಲ್ಲರೂ ‘ಅಬ್ಬಾ’ ಎಂದು ಮುಂದೆ ಹೋಗುತ್ತಾರೆ. ಅದರಲ್ಲಿ ಏನು ನೋಡಬೇಕು? ರವಿವರ್ಮನದೇ ತಾನೇ? (ಗೃಹಿಣಿ, ಹುಣಸೂರು)

ಅಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದು ಸಾವಂತವಾಡಿಯ ಎಸ್.ಎಲ್. ಹಳದಣಕರ್ 1945–46ರಲ್ಲಿ ಬರೆದ ‘ಗ್ಲೋ ಆಫ್ ಹೋಪ್’, ರೂಪದರ್ಶಿ ಅವರ ಮಗಳು ಗೀತಾ. ರವಿವರ್ಮನ ಎಣ್ಣೆಬಣ್ಣದ ಚಿತ್ರಗಳೂ ಅದೇ ಸಂಗ್ರಹದಲ್ಲಿರುವುದರಿಂದ ಈ ತಪ್ಪು ಎಷ್ಟು ತಿದ್ದಿದರೂ ಹೋಗುತ್ತಿಲ್ಲ.

ಮುಖ್ಯ ವಿಷಯ, ಇದು ಜಲವರ್ಣ. ಎಣ್ಣೆಬಣ್ಣದಲ್ಲಿ ಬೆಳಕು ಬೇಕೆಂದರೆ ಕೊನೆಗೆ ಬಿಳಿ ಮೆತ್ತಬಹುದು, ತಪ್ಪಿದರೆ ಮೇಲೆ ಇನ್ನೊಂದು ಪದರ. ಪಾರದರ್ಶಕ ಜಲವರ್ಣದಲ್ಲಿ ಬೆಳಕು ಎಂದರೆ ಬಣ್ಣ ತಾಗದೆ ಉಳಿಸಿದ ಕಾಗದ. ಎಲ್ಲಿ ಬೆಳಗಬೇಕೋ ಅದನ್ನು ಮೊದಲೇ ನಿರ್ಧರಿಸಿ, ಸುತ್ತಲೂ ಕತ್ತಲನ್ನು ಪದರ ಪದರವಾಗಿ ಕಟ್ಟುತ್ತಾ ಬರಬೇಕು. ಕುಂಚ ಜಾರಿ ಬೆಳಕಿನ ಜಾಗಕ್ಕೆ ಬಣ್ಣ ಹೋದರೆ ಬಹುಪಾಲು ಹೋಯಿತೆಂದೇ ಲೆಕ್ಕ.

ಕತ್ತಲ ಕೋಣೆಗೆ ಹೋದ ತಕ್ಷಣ ತೀರ್ಮಾನ ಮಾಡಬೇಡಿ, ಕಣ್ಣು ಮಬ್ಬಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಈ ನಡುವೆ ಫೋನಿನ ಪರದೆ ನೋಡಿದರೆ ಲೆಕ್ಕ ಮತ್ತೆ ಮೊದಲಿಂದ. ಗಾಜಿನಲ್ಲಿ ನಿಮ್ಮದೇ ಬಿಂಬ ಕಂಡರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಕಪ್ಪು ಬಟ್ಟೆ ಉಟ್ಟಿದ್ದರೆ ಬಿಂಬ ಇನ್ನೂ ಕಡಿಮೆ. ಮೊದಲು ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿ. ಬೆರಳ ಸಂದಿನಲ್ಲಿ ಬೆಳಕು ಮಾಂಸದೊಳಗಿಂದ ಹಾದು ಕೆಂಪಗೆ ಬರುತ್ತದೆ, ಮನೆಯಲ್ಲಿ ದೀಪದ ಮುಂದೆ ಕೈ ಹಿಡಿದರೆ ಕಾಣುವ ಅದೇ ಕೆಂಪು. ಅಲ್ಲಿಂದ ಮುಖಕ್ಕೆ ಬನ್ನಿ. ಬೆಳಕು ಕೆಳಗಿನಿಂದ ಏರುವುದರಿಂದ ಗಲ್ಲ, ಮೂಗಿನ ಅಡಿ, ಹುಬ್ಬಿನ ಅಡಿ ಹೇಗೆ ಬೆಳಗಿವೆ, ನೆರಳು ಎಲ್ಲಿ ಕೂತಿದೆ ಎಂದು ಗಮನಿಸಿ. ಕೊನೆಗೆ ಸೀರೆ, ದೀಪದಿಂದ ದೂರ ಹೋದಂತೆ ಬಣ್ಣ ಎಲ್ಲಿ ತಣ್ಣಗಾಗುತ್ತದೆ ಎಂದು.

ಜಲವರ್ಣಕ್ಕೆ ಮ್ಯೂಸಿಯಂಗಳು ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಮೀರದಂತೆ ನೋಡಿಕೊಳ್ಳುತ್ತವೆ, ಎಣ್ಣೆಬಣ್ಣಕ್ಕೆ 200ರವರೆಗೆ ಬಿಡುತ್ತಾರೆ. ಬೆಳಕಿನಿಂದ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಮೇಲೆ ಕಲ್ಲಿಗೆ ಹೇಳಿದ ಟಾರ್ಚ್ ಉಪಾಯ ಇಲ್ಲಿ ಸುತರಾಂ ಬೇಡ.

ಪ್ರಶ್ನೆ: ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿ ಕೆಲವು ಚೋಳ ಕಂಚಿನ ವಿಗ್ರಹಗಳ ಮುಖ ನುಣ್ಣಗೆ ಸವೆದಿದೆ. ಮಣ್ಣಲ್ಲಿ ಹೂತಿದ್ದಕ್ಕೋ? (ಓದುಗರು, ಹೊಸೂರು)

ಮಣ್ಣು ಕಂಚನ್ನು ತಿಂದರೆ ಹಸಿರು ಹಕ್ಕಳೆ, ಚುಕ್ಕೆ ಚುಕ್ಕೆ ಗುಳಿ ಬೀಳುತ್ತದೆ. ನುಣ್ಣನೆಯ ಸವೆತ ಬೇರೆ. ಅದು ತಲೆಮಾರುಗಟ್ಟಲೆ ನಡೆದ ಅಭಿಷೇಕ ಮತ್ತು ಉಜ್ಜಾಟದ್ದು. ಉಬ್ಬಿದ ಕಡೆಗಳಾದ ಮೂಗು, ಕೆನ್ನೆ, ಮೊಣಕಾಲು ಸವೆದು ತಗ್ಗಿನ ಆಭರಣ ಚೂಪಾಗಿ ಉಳಿದಿದ್ದರೆ ಪೂಜೆಗೊಂಡ ವಿಗ್ರಹ ಎಂದು ಹೇಳಬಹುದು. ಕಣ್ಣಿನ ಗೆರೆ ಮಾತ್ರ ಸುತ್ತಲಿನದಕ್ಕಿಂತ ಹರಿತವಾಗಿದ್ದರೆ ಮುಂದೆ ಯಾವಾಗಲೋ ಮತ್ತೆ ಗೀರಿದ್ದಾರೆಯೇ ಎಂದು ಅನುಮಾನಿಸಿ. ಪೀಠದ ತೂತುಗಳನ್ನೂ ಬಿಡಬೇಡಿ, ಉತ್ಸವದಲ್ಲಿ ಹೊರುವ ಕೋಲು ಹಾಯಿಸಿ ಕಟ್ಟುತ್ತಿದ್ದದ್ದು ಅಲ್ಲಿ. ಹಿಂದೆ ಹೋಗಲು ಜಾಗವಿದ್ದರೆ ತಲೆಯ ಹಿಂಭಾಗದ ಶಿರಶ್ಚಕ್ರ, ಕೂದಲ ಸುರುಳಿ ನೋಡಿ. ಮುಂಭಾಗದ ಫೋಟೋ ಪುಸ್ತಕಗಳಲ್ಲಿ ಬೇಕಾದಷ್ಟಿವೆ, ಬೆನ್ನು ನೋಡಲು ಸಿಗುವುದು ಅಲ್ಲಿ ಮಾತ್ರ.

ಪ್ರಶ್ನೆ: ಹತ್ತು ವರ್ಷದ ಮಕ್ಕಳನ್ನು ಕರೆದೊಯ್ದರೆ ಅರ್ಧ ಗಂಟೆಗೆ ‘ಮನೆಗೆ ಹೋಗೋಣ’ ಎನ್ನುತ್ತಾರೆ. (ಪೋಷಕರು, ಶಿವಮೊಗ್ಗ)

ಅರ್ಧ ಗಂಟೆಗೇ ಹೊರಡಿ, ತಪ್ಪಿಲ್ಲ. ಒಳಗೆ ಹೋದಾಗ ಒಂದೇ ವಸ್ತು ತೋರಿಸಿ. ವೀರಗಲ್ಲಾದರೆ ಅವನ ಭಂಗಿಯಲ್ಲಿ ನಿಲ್ಲಲು ಹೇಳಿ: ಯಾವ ಕಾಲು ಮುಂದೆ, ಕತ್ತಿ ಯಾವ ಕೈಯಲ್ಲಿ? ಎಡ ಬಲ ತಪ್ಪುತ್ತಾರೆ, ಮತ್ತೆ ಕಲ್ಲು ನೋಡುತ್ತಾರೆ, ತಿದ್ದಿಕೊಳ್ಳುತ್ತಾರೆ. ನೀರಿನ ಬಾಟಲಿ, ಚೀಲ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಭಂಗಿಯ ಭರದಲ್ಲಿ ಬೆನ್ನ ಚೀಲ ಪಕ್ಕದ ಗಾಜಿನ ಪೆಟ್ಟಿಗೆಗೆ ತಾಗುತ್ತದೆ.